ಪರದೇಶದಲ್ಲಿ ಒಂದು ಸೆಮಿಸ್ಟರ್: ಕೋರ್ಸ್ ಆರಿಸಿಕೊಳ್ಳುವುದು ಹೇಗೆ?

ಒಂದು ಸೆಮಿಸ್ಟರ್‌ಗೋ ಒಂದು ವರ್ಷಕ್ಕೋ ಬೇರೆ ದೇಶದ ವಿಶ್ವವಿದ್ಯಾಲಯಕ್ಕೆ ಓದಲು ಹೊರಟವರು ವೀಸಾ, ಟಿಕೆಟ್, ಉಳಿಯುವ ರೂಮು ಅಂತ ತಿಂಗಳುಗಟ್ಟಲೆ ಓಡಾಡುತ್ತಾರೆ. ಕೋರ್ಸ್ ಆರಿಸುವ ಕೆಲಸವನ್ನು ಮಾತ್ರ ಕೊನೆಯ ವಾರಕ್ಕೆ ಬಿಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ವೆಬ್‌ಸೈಟಿನಲ್ಲಿ ನೂರಾರು ಕೋರ್ಸ್‌ಗಳಿದ್ದವು. ಹೋಗಿ ಬೇಕಾದ್ದನ್ನು ತಗೊಂಡರಾಯ್ತು ಅಂದುಕೊಂಡಿದ್ದೆ. ಅಲ್ಲಿಗೆ ಹೋದರೆ, ನಾನು ಗುರುತು ಹಾಕಿಕೊಂಡಿದ್ದ ಐದರಲ್ಲಿ ಮೂರು ಸಿಗಲಿಲ್ಲ. ಒಂದು ಆ ಸೆಮಿಸ್ಟರ್‌ನಲ್ಲಿ ನಡೆಯುತ್ತಲೇ ಇರಲಿಲ್ಲ. ಇನ್ನೊಂದು ಆ ವಿಭಾಗದ ವಿದ್ಯಾರ್ಥಿಗಳಿಗೆ ಮಾತ್ರ. ಮೂರನೆಯದರ ಹೆಸರು ಇಂಗ್ಲಿಷ್‌ನಲ್ಲಿತ್ತು, ಪಾಠ ಅಲ್ಲಿನ ಭಾಷೆಯಲ್ಲಿ.

ಪಟ್ಟಿಯಲ್ಲಿ ಇರುವುದು ಬೇರೆ, ನಮಗೆ ಸಿಗುವುದು ಬೇರೆ. ಆ ದೊಡ್ಡ ಪಟ್ಟಿಯನ್ನು ಜರಡಿ ಹಿಡಿಯುವ ಕೆಲಸ ಹೊರಡುವ ಮೊದಲೇ ಮುಗಿಯಬೇಕು. ಅದನ್ನು ಮಾಡುವ ಬಗೆ ಹೀಗೆ.

ನೀವು ಯಾವ ದಾರಿಯಲ್ಲಿ ಹೋಗುತ್ತಿದ್ದೀರಿ?

ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಯಾವ ಕೋರ್ಸ್‌ನ ಬಾಗಿಲು ನಿಮಗೆ ತೆರೆದಿರುತ್ತದೆ ಎನ್ನುವುದು ಇದರ ಮೇಲೆಯೇ ನಿಂತಿದೆ.

ಎರಡು ವಿಶ್ವವಿದ್ಯಾಲಯಗಳ ನಡುವೆ ಒಪ್ಪಂದವಿದ್ದು ಅದರಡಿ ಹೋಗುವವರು ಎಕ್ಸ್‌ಚೇಂಜ್ ವಿದ್ಯಾರ್ಥಿಗಳು. ಇವರು ಸಾಮಾನ್ಯವಾಗಿ ಬೋಧನಾ ಶುಲ್ಕವನ್ನು ತಮ್ಮ ವಿಶ್ವವಿದ್ಯಾಲಯಕ್ಕೇ ಕಟ್ಟುತ್ತಾರೆ. ಒಪ್ಪಂದವಿಲ್ಲದೆ ತಾವೇ ಅರ್ಜಿ ಹಾಕಿ ಹೋಗುವವರು ವಿಸಿಟಿಂಗ್ ವಿದ್ಯಾರ್ಥಿಗಳು. ಇವರು ಹೋದ ಕಡೆ ಶುಲ್ಕ ಕಟ್ಟಬೇಕಾಗುತ್ತದೆ. ಪೂರ್ತಿ ಪದವಿಯನ್ನೇ ಅಲ್ಲಿ ಮಾಡುವವರದು ಮೂರನೆಯ ದಾರಿ. ಅವರಿಗೆ ಕಡ್ಡಾಯ ಕೋರ್ಸ್‌ಗಳ ಚೌಕಟ್ಟು ಮೊದಲೇ ಸಿದ್ಧವಿರುತ್ತದೆ, ಆಯ್ಕೆ ಇರುವುದು ಐಚ್ಛಿಕ ವಿಷಯಗಳಲ್ಲಿ ಮಾತ್ರ.

ಎಕ್ಸ್‌ಚೇಂಜ್‌ನಲ್ಲಿ ಹೋಗುವವರು ಒಪ್ಪಂದ ಯಾವ ವಿಭಾಗದ ಜೊತೆ ಆಗಿದೆ ಅಂತ ಕೇಳಲೇಬೇಕು. ಅದು ಇಡೀ ವಿಶ್ವವಿದ್ಯಾಲಯದ ಜೊತೆ ಆಗಿದ್ದರೆ ಬಹುತೇಕ ಎಲ್ಲ ವಿಭಾಗಗಳಿಂದ ಕೋರ್ಸ್ ತೆಗೆದುಕೊಳ್ಳಬಹುದು. ಒಂದೇ ವಿಭಾಗದ ಜೊತೆ ಆಗಿದ್ದರೆ ಅರ್ಧದಷ್ಟಾದರೂ ಕೋರ್ಸ್ ಅಲ್ಲಿಯದೇ ಆಗಿರಬೇಕು ಎಂಬಂಥ ಷರತ್ತುಗಳಿರುತ್ತವೆ.

ಕ್ಯಾಟಲಾಗ್ ಓದುವುದನ್ನು ಕಲಿಯಿರಿ

ಇದಕ್ಕೆ ಎರಡು ಮೂರು ಸಂಜೆ ಪೂರ್ತಿ ಮೀಸಲಿಡಿ. ನನ್ನ ಪ್ರಕಾರ ಇಡೀ ತಯಾರಿಯಲ್ಲಿ ಅತಿ ಮುಖ್ಯವಾದ ಕೆಲಸ ಇದೇ.

ಮೊದಲ ಗೊಂದಲ ಪದಗಳದ್ದು. ಬ್ರಿಟನ್ನಿನಲ್ಲಿ 'ಕೋರ್ಸ್' ಅಂದರೆ ಬಹಳ ಸಲ ಮೂರು ವರ್ಷದ ಇಡೀ ಪದವಿ. ನಾವು ಕೋರ್ಸ್ ಅನ್ನುವುದಕ್ಕೆ ಅಲ್ಲಿ 'ಮಾಡ್ಯೂಲ್' ಎನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ 'ಯೂನಿಟ್' ಅಥವಾ 'ಸಬ್ಜೆಕ್ಟ್', ನ್ಯೂಜಿಲೆಂಡ್‌ನಲ್ಲಿ 'ಪೇಪರ್' ಅನ್ನುವುದೂ ಉಂಟು. ಜರ್ಮನಿಯಲ್ಲಿ ಒಂದು ಮಾಡ್ಯೂಲ್ ಒಳಗೆ ಒಂದು ಉಪನ್ಯಾಸ, ಒಂದು ಸೆಮಿನಾರ್, ಒಂದು ಅಭ್ಯಾಸ ತರಗತಿ ಸೇರಿರಬಹುದು. ಅದರಲ್ಲಿ ಉಪನ್ಯಾಸಕ್ಕೆ ಮಾತ್ರ ಕೂತರೆ ಪೂರ್ತಿ ಕ್ರೆಡಿಟ್ ಸಿಗುವುದಿಲ್ಲ. ಅಲ್ಲಿ ವಿಭಾಗಗಳು ಮಾಡ್ಯೂಲ್ ಕೈಪಿಡಿ ಅಂತ ಒಂದು ದಪ್ಪ ಪಿಡಿಎಫ್ ಹಾಕಿರುತ್ತವೆ. ಯಾವುದರೊಳಗೆ ಏನು ಸೇರಿದೆ, ಪರೀಕ್ಷೆ ಲಿಖಿತವೋ ಮೌಖಿಕವೋ ಎಲ್ಲ ಅದರಲ್ಲಿರುತ್ತದೆ.

ಎರಡನೆಯದು, ಕೋರ್ಸ್ ಯಾವಾಗ ನಡೆಯುತ್ತದೆ? ಎಷ್ಟೋ ಕೋರ್ಸ್‌ಗಳು ವರ್ಷಕ್ಕೆ ಒಮ್ಮೆ ಮಾತ್ರ ನಡೆಯುತ್ತವೆ, ಕೆಲವು ಎರಡು ವರ್ಷಕ್ಕೊಮ್ಮೆ. ಕ್ಯಾಟಲಾಗ್‌ನಲ್ಲಿ ಹೆಸರು ಮಾತ್ರ ಎಲ್ಲ ಕಾಲಕ್ಕೂ ಇರುತ್ತದೆ. ಈ ವರ್ಷದ ಪಟ್ಟಿ ಇನ್ನೂ ಬಂದಿಲ್ಲದಿದ್ದರೆ ಹೋದ ವರ್ಷ ಅದೇ ಸೆಮಿಸ್ಟರ್‌ನ ಪಟ್ಟಿ ನೋಡಿ, ಒಂದು ಅಂದಾಜು ಸಿಗುತ್ತದೆ. ಬ್ರಿಟನ್ನಿನ ಕೆಲವು ಮಾಡ್ಯೂಲ್‌ಗಳು ವರ್ಷವಿಡೀ ನಡೆದು ಮೇ-ಜೂನ್ ಹೊತ್ತಿಗೆ ಪರೀಕ್ಷೆ ಆಗುತ್ತದೆ. ಡಿಸೆಂಬರ್‌ಗೇ ವಾಪಸ್ ಬರುವವರಿಗೆ ಪರೀಕ್ಷೆಯ ಬದಲು ಪ್ರಬಂಧ ಬರೆಯುವ ಅವಕಾಶ ಇದೆಯೇ ಅಂತ ಮೊದಲೇ ಕೇಳಿ.

ಮೂರನೆಯದು, ಕೋರ್ಸ್ ಕೋಡ್. ಅಮೆರಿಕದಲ್ಲಿ ಸಾಮಾನ್ಯವಾಗಿ 100ರ ಸರಣಿ ಅಂದರೆ ಆರಂಭದ ಪಾಠ, 300-400 ಅಂದರೆ ಪದವಿಯ ಕೊನೆಯ ವರ್ಷಗಳದ್ದು, 500ರಿಂದ ಮೇಲೆ ಸ್ನಾತಕೋತ್ತರ. ಹೆಸರು ಸುಲಭವಾಗಿ ಕಂಡಿತು ಅಂತ 400ರ ಕೋರ್ಸ್‌ಗೆ ಸೇರಿದರೆ ಮೊದಲ ವಾರವೇ ಕಷ್ಟ ಗೊತ್ತಾಗುತ್ತದೆ. ಕೋಡ್ ಪಕ್ಕದಲ್ಲೇ 'ಪ್ರಿ-ರಿಕ್ವಿಸಿಟ್' ಅಂತ ಇರುತ್ತದೆ, ಅಂದರೆ ಇದಕ್ಕೂ ಮೊದಲು ನೀವು ಏನು ಓದಿರಬೇಕು ಅಂತ. ಅಲ್ಲಿ ಬರೆದ ಕೋಡ್‌ನ ಕೋರ್ಸ್ ನೀವು ಮಾಡಿಲ್ಲದಿದ್ದರೂ ಅದೇ ವಿಷಯ ನಿಮ್ಮಲ್ಲಿ ಓದಿದ್ದರೆ ಸುಮ್ನೆ ಬಿಟ್ಟುಬಿಡಬೇಡಿ. ನಿಮ್ಮ ಸಿಲಬಸ್ ಮತ್ತು ಅಂಕಪಟ್ಟಿ ಜೋಡಿಸಿ ಪಾಠ ಮಾಡುವ ಪ್ರಾಧ್ಯಾಪಕರಿಗೇ ಒಂದು ಚಿಕ್ಕ ಮೇಲ್ ಬರೆಯಿರಿ. ಎಷ್ಟೋ ಕಡೆ ಕಂಪ್ಯೂಟರ್ ಬೇಡ ಅಂದದ್ದಕ್ಕೆ ಪ್ರಾಧ್ಯಾಪಕರು ಒಪ್ಪಿಗೆ ಕೊಡುತ್ತಾರೆ.

ಭಾಷೆಯ ವಿಷಯದಲ್ಲಿ ನನಗಾದ ತಪ್ಪು ನಿಮಗಾಗಬಾರದು. ಕ್ಯಾಟಲಾಗನ್ನು ಇಂಗ್ಲಿಷ್‌ಗೆ ಅನುವಾದ ಮಾಡಿರುತ್ತಾರೆ, ಪಾಠವನ್ನಲ್ಲ. 'ಬೋಧನಾ ಭಾಷೆ' ಎಂಬ ಸಾಲು ಹುಡುಕಿ ಓದಿ. ಯುರೋಪಿನಲ್ಲಿ ಭಾಷೆಯ ಮಟ್ಟವನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಲ್ಲಿ ಹೇಳುತ್ತಾರೆ. ಪಾಠ ಕೇಳಿ ಪರೀಕ್ಷೆ ಬರೆಯುವುದಕ್ಕೆ ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ಮೂರು ತಿಂಗಳ ಸಂಜೆ ಕ್ಲಾಸಿನಲ್ಲಿ ಅಷ್ಟು ಬರುವುದಿಲ್ಲ.

ಕೊನೆಗೆ, ಮುಚ್ಚಿದ ಬಾಗಿಲುಗಳು. ವೈದ್ಯಕೀಯದ ಕ್ಲಿನಿಕಲ್ ಕೋರ್ಸ್‌ಗಳು ಹೊರಗಿನವರಿಗೆ ಸಿಗುವುದು ಅಪರೂಪ. ಕಾನೂನು, ಬಿಸಿನೆಸ್, ಕಂಪ್ಯೂಟರ್ ವಿಭಾಗಗಳಲ್ಲಿ ಸೀಟು ಬೇಗ ತುಂಬುತ್ತವೆ. ಲ್ಯಾಬ್ ಇರುವ ಕೋರ್ಸ್‌ಗಳಲ್ಲಿ ಬೆಂಚಿನ ಸಂಖ್ಯೆ ಇಷ್ಟೇ ಅಂತ ಇರುವುದರಿಂದ ಅಲ್ಲೂ ಮಿತಿ. ಪ್ರಾಜೆಕ್ಟ್ ಮಾಡಬೇಕಿದ್ದರೆ ಮಾರ್ಗದರ್ಶಕರ ಒಪ್ಪಿಗೆ ಬೇರೆಯಾಗಿ ಬೇಕು.

ಈ ಎಲ್ಲ ಜರಡಿ ದಾಟಿದ ಮೇಲೆ ಐದು ಕೋರ್ಸ್ ಬೇಕಿದ್ದರೆ ಎಂಟು ಆರಿಸಿಟ್ಟುಕೊಳ್ಳಿ. ಅದರಲ್ಲಿ ಒಂದಾದರೂ ನಿಮ್ಮಲ್ಲಿ ಸಿಗದ ವಿಷಯವಾಗಿರಲಿ. ಆ ದೇಶದ ಇತಿಹಾಸ, ಅಲ್ಲಿನ ಭಾಷೆ, ಅಲ್ಲಿ ಮಾತ್ರ ಇರುವ ಪ್ರಯೋಗಾಲಯದ ಕೆಲಸ, ಏನಾದರೂ ಸರಿ. ನಿಮ್ಮ ಕಾಲೇಜಿನಲ್ಲೇ ಸಿಗುವ ಪಾಠವನ್ನು ಸಮುದ್ರ ದಾಟಿ ಹೋಗಿ ಕೇಳುವುದರಲ್ಲಿ ಜಾಸ್ತಿ ಅರ್ಥವಿಲ್ಲ, ಅಲ್ವಾ?

ಕ್ರೆಡಿಟ್ ಲೆಕ್ಕ

ಯುರೋಪಿನ ಕ್ರೆಡಿಟ್ ಪದ್ಧತಿಗೆ ಇಸಿಟಿಎಸ್ ಎನ್ನುತ್ತಾರೆ. 1987ರಲ್ಲಿ ಎರಾಸ್ಮಸ್ ವಿನಿಮಯ ಕಾರ್ಯಕ್ರಮ ಶುರುವಾಯಿತು. ಒಂದು ದೇಶದಲ್ಲಿ ಓದಿದ್ದನ್ನು ಇನ್ನೊಂದು ದೇಶ ಲೆಕ್ಕಕ್ಕೆ ಹಿಡಿಯುವುದು ಹೇಗೆ ಎಂಬ ಪ್ರಶ್ನೆ ಎದ್ದಾಗ, 1989ರಲ್ಲಿ ಈ ಪದ್ಧತಿಯನ್ನು ಅದರೊಳಗೇ ತಂದರು. ಪೂರ್ಣಾವಧಿ ಓದಿನ ಒಂದು ವರ್ಷಕ್ಕೆ 60 ಕ್ರೆಡಿಟ್, ಸೆಮಿಸ್ಟರ್‌ಗೆ 30. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಕೆಲಸ. ಗಮನಿಸಿ, ಇದು ತರಗತಿಯ ಗಂಟೆ ಮಾತ್ರ ಅಲ್ಲ. ಮನೆಯಲ್ಲಿ ಓದುವುದು, ಬರೆಯುವುದು, ಪರೀಕ್ಷೆ ತಯಾರಿ ಎಲ್ಲ ಸೇರಿ.

ಬ್ರಿಟನ್ನಿನಲ್ಲಿ ವರ್ಷಕ್ಕೆ 120 ಕ್ರೆಡಿಟ್. ಹಾಗಾಗಿ ಅಲ್ಲಿನ ಎರಡು ಕ್ರೆಡಿಟ್ ಯುರೋಪಿನ ಒಂದಕ್ಕೆ ಸಮ. ಅಮೆರಿಕದಲ್ಲಿ ಸೆಮಿಸ್ಟರ್‌ಗೆ ಸುಮಾರು 15, ಅಂದರೆ ಮೂರು ಕ್ರೆಡಿಟ್‌ನ ಐದು ಕೋರ್ಸ್. 20 ಕ್ರೆಡಿಟ್‌ನ ಬ್ರಿಟಿಷ್ ಮಾಡ್ಯೂಲ್, 10 ಇಸಿಟಿಎಸ್‌ನ ಯುರೋಪಿನ ಮಾಡ್ಯೂಲ್, 5 ಕ್ರೆಡಿಟ್‌ನ ಅಮೆರಿಕದ ಕೋರ್ಸ್ ಇವು ಹೆಚ್ಚುಕಡಿಮೆ ಒಂದೇ ತೂಕದವು. ಆದರೂ ಕೊನೆಯ ಮಾತು ನಿಮ್ಮ ವಿಶ್ವವಿದ್ಯಾಲಯದ ಪರಿವರ್ತನೆ ಪಟ್ಟಿಯದು. ಅದನ್ನು ಕೇಳಿ ಪಡೆದುಕೊಳ್ಳಿ.

ಕನಿಷ್ಠ ಎಷ್ಟು ಕ್ರೆಡಿಟ್ ತೆಗೆದುಕೊಳ್ಳಬೇಕು ಎನ್ನುವುದು ವೀಸಾಗೂ ಸಂಬಂಧಿಸಿದ್ದು. ಅಮೆರಿಕದ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಪದವಿ ಮಟ್ಟದಲ್ಲಿ ಓದುವವರು ಸಾಮಾನ್ಯವಾಗಿ ಸೆಮಿಸ್ಟರ್‌ಗೆ 12 ಕ್ರೆಡಿಟ್‌ಗಿಂತ ಕೆಳಗೆ ಇಳಿಯುವಂತಿಲ್ಲ. ಅದರಲ್ಲಿ ಲೆಕ್ಕಕ್ಕೆ ಬರುವ ಆನ್‌ಲೈನ್ ಕೋರ್ಸ್ ಒಂದೇ, ಮೂರು ಕ್ರೆಡಿಟ್‌ವರೆಗಿನದು. ಕಷ್ಟವಾಯಿತು ಅಂತ ಯಾರನ್ನೂ ಕೇಳದೆ ಒಂದು ಕೋರ್ಸ್ ಬಿಟ್ಟರೆ ವೀಸಾಕ್ಕೇ ತೊಂದರೆ. ಯಾವ ದೇಶವಾದರೂ ಸರಿ, ಕೋರ್ಸ್ ಕೈಬಿಡುವ ಮೊದಲು ಅಲ್ಲಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಮಾತಾಡಿ.

ಒಪ್ಪಿಗೆ ಬರಹದಲ್ಲಿರಲಿ

ಎಂಟು ಕೋರ್ಸ್‌ಗಳ ಪಟ್ಟಿ ಹಿಡಿದು ಈಗ ನಿಮ್ಮ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ. ಬರಿಯ ಹೆಸರು ತೋರಿಸಬೇಡಿ. ಪ್ರತಿ ಕೋರ್ಸ್‌ನ ಸಿಲಬಸ್, ವಾರಕ್ಕೆ ಎಷ್ಟು ಗಂಟೆ, ಪರೀಕ್ಷೆ ಯಾವ ಬಗೆಯದು, ಓದಬೇಕಾದ ಪುಸ್ತಕಗಳು ಯಾವುವು ಎಂಬುದನ್ನು ಮುದ್ರಿಸಿ ಒಯ್ಯಿರಿ. ಪ್ರತಿಯೊಂದರ ಮುಂದೆ 'ಇದು ನಮ್ಮ ಇಂಥ ವಿಷಯಕ್ಕೆ ಬದಲಾಗಿ' ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ. ಎರಾಸ್ಮಸ್‌ನಲ್ಲಿ ಇದಕ್ಕೆಂದೇ 'ಲರ್ನಿಂಗ್ ಅಗ್ರಿಮೆಂಟ್' ಎಂಬ ಕಾಗದವಿದೆ. ವಿದ್ಯಾರ್ಥಿ, ಕಳಿಸುವ ವಿಶ್ವವಿದ್ಯಾಲಯ, ಬರಮಾಡಿಕೊಳ್ಳುವ ವಿಶ್ವವಿದ್ಯಾಲಯ ಮೂವರೂ ಸಹಿ ಹಾಕುತ್ತಾರೆ. ನಿಮ್ಮ ದಾರಿಯಲ್ಲಿ ಅಂಥ ನಮೂನೆ ಇಲ್ಲದಿದ್ದರೂ ಮೇಲ್‌ನಲ್ಲಾದರೂ ಒಪ್ಪಿಗೆ ಇರಲಿ. "ಹೋಗಿ ಬನ್ನಿ, ಆಮೇಲೆ ನೋಡೋಣ" ಎಂಬ ಬಾಯಿಮಾತನ್ನು ನಂಬಿ ಹೊರಡಬೇಡಿ. ಹಾಗೆ ಹೇಳಿದವರು ನೀವು ಬರುವ ಹೊತ್ತಿಗೆ ಆ ಕುರ್ಚಿಯಲ್ಲಿ ಇರದೇ ಹೋಗಬಹುದು.

ಅಂಕಗಳನ್ನು ಹೇಗೆ ಬದಲಾಯಿಸುತ್ತಾರೆ ಅಂತಲೂ ಆಗಲೇ ಕೇಳಿ. ಅಮೆರಿಕದಲ್ಲಿ 4.0 ಅಂದರೆ ಅತ್ಯುತ್ತಮ. ಜರ್ಮನಿಯಲ್ಲಿ 4.0 ಅಂದರೆ ಕಷ್ಟಪಟ್ಟು ಪಾಸು, ಅತ್ಯುತ್ತಮ ಅಂದರೆ 1.0. ಫ್ರಾನ್ಸ್‌ನಲ್ಲಿ 20ಕ್ಕೆ 10 ಬಂದರೆ ಪಾಸು, 14 ಬಂದರೆ ಖುಷಿಪಡುವ ಅಂಕ. ಇಟಲಿಯಲ್ಲಿ 30ಕ್ಕೆ 18 ಪಾಸು. ಬ್ರಿಟನ್ನಿನಲ್ಲಿ 70 ದಾಟಿದರೇ ಪ್ರಥಮ ದರ್ಜೆ. ಇವನ್ನು ಸುಮ್ನೆ ಶೇಕಡಾವಾರು ಲೆಕ್ಕಕ್ಕೆ ಇಳಿಸಿದರೆ ಚೆನ್ನಾಗಿ ಓದಿದವರಿಗೇ ಅನ್ಯಾಯ. ಕೆಲವು ವಿಶ್ವವಿದ್ಯಾಲಯಗಳು ಹೊರಗೆ ಓದಿದ್ದನ್ನು ಪಾಸು-ಫೇಲು ಅಂತ ಮಾತ್ರ ದಾಖಲಿಸುತ್ತವೆ. ಹಾಗಿದ್ದರೆ ಗಟ್ಟಿ ವಿಷಯಗಳನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು.

ಕ್ಯಾಲೆಂಡರ್ ಮತ್ತು ವೇಳಾಪಟ್ಟಿ

ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಪಾಠ ಫೆಬ್ರವರಿಯಲ್ಲಿ ಮುಗಿದರೂ ಪರೀಕ್ಷೆ ಆಮೇಲೆ ಇರಬಹುದು. ಜಪಾನಿನಲ್ಲಿ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಆಸ್ಟ್ರೇಲಿಯಾದಲ್ಲಿ ಫೆಬ್ರವರಿ ಕೊನೆಗೆ ಮೊದಲ ಸೆಮಿಸ್ಟರ್, ಜುಲೈನಲ್ಲಿ ಎರಡನೆಯದು. ನಿಮ್ಮ ಮುಂದಿನ ಸೆಮಿಸ್ಟರ್ ಶುರುವಾಗುವ ದಿನವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಪರೀಕ್ಷೆಯ ದಿನ ಗೊತ್ತಾಗುವವರೆಗೆ ವಾಪಸ್ ಟಿಕೆಟ್ ಮಾಡಿಸಬೇಡಿ.

ವಾರದ ವೇಳಾಪಟ್ಟಿಯಲ್ಲಿ ಹೊರಗಿನಿಂದ ಬಂದವರಿಗೆ ಮಾತ್ರ ಕಾಡುವ ಒಂದು ತೊಡಕಿದೆ. ಒಂದೇ ವಿಭಾಗದ, ಒಂದೇ ವರ್ಷದ ಮಕ್ಕಳಿಗೆ ತರಗತಿಗಳು ಒಂದರ ಮೇಲೊಂದು ಬೀಳದಂತೆ ಜೋಡಿಸಿರುತ್ತಾರೆ. ನೀವು ಎರಡನೇ ವರ್ಷದ್ದೊಂದು, ಮೂರನೇ ವರ್ಷದ್ದೊಂದು, ಪಕ್ಕದ ವಿಭಾಗದ್ದೊಂದು ಆರಿಸುತ್ತೀರಿ. ಹಾಗಾಗಿ ಮಂಗಳವಾರ ಹತ್ತು ಗಂಟೆಗೆ ಎರಡು ಪಾಠ ಬಂದು ಕೂರುತ್ತವೆ. ಎಂಟು ಕೋರ್ಸ್ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ. ಎರಡು ಕ್ಯಾಂಪಸ್‌ಗಳ ನಡುವಿನ ದೂರವನ್ನೂ ನೋಡಿಕೊಳ್ಳಿ. ಜರ್ಮನಿಯ ವೇಳಾಪಟ್ಟಿಯಲ್ಲಿ ಹತ್ತು ಗಂಟೆಯ ಮುಂದೆ 'ಸಿ.ಟಿ.' ಅಂತ ಇದ್ದರೆ ಪಾಠ ಶುರುವಾಗುವುದು ಹತ್ತೂಕಾಲಿಗೆ. 'ಎಸ್.ಟಿ.' ಅಂತ ಇದ್ದರೆ ಹತ್ತಕ್ಕೆ ಸರಿಯಾಗಿ.

ಸ್ವೀಡನ್ನಿನ ಕ್ರಮ ಇನ್ನೂ ಬೇರೆ. ಅಲ್ಲಿ ಅನೇಕ ವಿಭಾಗಗಳಲ್ಲಿ ನಾಲ್ಕೈದು ಕೋರ್ಸ್ ಒಟ್ಟಿಗೆ ನಡೆಸದೆ ಒಂದಾದ ಮೇಲೆ ಒಂದು ನಡೆಸುತ್ತಾರೆ. 7.5 ಕ್ರೆಡಿಟ್‌ನ ಕೋರ್ಸ್ ಸುಮಾರು ಐದು ವಾರದಲ್ಲಿ ಪರೀಕ್ಷೆ ಸಮೇತ ಮುಗಿಯುತ್ತದೆ. ಒಂದೇ ವಿಷಯದಲ್ಲಿ ಮುಳುಗಿ ಓದುವ ಮನಸ್ಸಿನವರಿಗೆ ಇದು ಬಹಳ ಚೆನ್ನ. ಆದರೆ ಒಂದು ವಾರ ತಡವಾಗಿ ತಲುಪಿದರೆ ಐದರಲ್ಲಿ ಒಂದು ಭಾಗ ಹೋದಂತೆ.

ತಲುಪಿದ ಮೇಲೆ

ಮೊದಲ ಒಂದೆರಡು ವಾರ ಕೋರ್ಸ್ ಸೇರಿಸುವ, ಬಿಡುವ ಅವಕಾಶ ಇರುತ್ತದೆ. ಅಮೆರಿಕದಲ್ಲಿ ಇದನ್ನು 'ಆಡ್-ಡ್ರಾಪ್' ಎನ್ನುತ್ತಾರೆ. ಆ ದಿನಗಳಲ್ಲಿ ನಿಮ್ಮ ಎಂಟೂ ಕೋರ್ಸ್‌ಗಳ ಮೊದಲ ಪಾಠಕ್ಕೆ ಹೋಗಿ ಕೂರಿ. ಸೀಟು ತುಂಬಿದೆ ಅಂದರೂ ವೇಟ್‌ಲಿಸ್ಟ್‌ನಲ್ಲಿ ಹೆಸರು ಬರೆಸಿ, ಪಾಠಕ್ಕೆ ಹೋಗುವುದನ್ನು ನಿಲ್ಲಿಸಬೇಡಿ. ಬಿಟ್ಟುಹೋಗುವವರು ಇದ್ದೇ ಇರುತ್ತಾರೆ. ಕೋರ್ಸ್ ಬದಲಾಯಿಸಿದ ದಿನವೇ ನಿಮ್ಮ ವಿಶ್ವವಿದ್ಯಾಲಯಕ್ಕೆ ಮೇಲ್ ಮಾಡಿ ಹೊಸ ಒಪ್ಪಿಗೆ ತರಿಸಿಕೊಳ್ಳಿ.

ಇನ್ನೊಂದು ಮುಖ್ಯ ಮಾತು. ಕೋರ್ಸ್‌ಗೆ ಹೆಸರು ನೋಂದಾಯಿಸಿದರೆ ಪರೀಕ್ಷೆಗೂ ನೋಂದಾಯಿಸಿದಂತೆ ಅಂತ ತಿಳಿಯಬೇಡಿ. ಜರ್ಮನಿಯ ಬಹಳಷ್ಟು ಕಡೆ ಪರೀಕ್ಷೆಗೆ ಬೇರೆಯದೇ ನೋಂದಣಿ, ಅದಕ್ಕೆ ಬೇರೆಯದೇ ಕೊನೆಯ ದಿನ. ಸೆಮಿಸ್ಟರ್ ಪೂರ್ತಿ ಪಾಠ ಕೇಳಿ ಪರೀಕ್ಷೆಗೆ ಕೂರಲಾಗದೆ ಅತ್ತ ಗೆಳತಿಯನ್ನು ನಾನು ನೋಡಿದ್ದೇನೆ. ತಲುಪಿದ ವಾರವೇ ಆ ದಿನಾಂಕ ಕೇಳಿ ಗೋಡೆಯ ಮೇಲೆ ಬರೆದು ಅಂಟಿಸಿ.

ಅಲ್ಲಿಂದ ಹೊರಡುವ ಮೊದಲು ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಲ್ಲಿನ ಅಧಿಕೃತ ಅಂಕಪಟ್ಟಿ, ಯಾವಾಗ ಬರುತ್ತದೆ, ನೇರವಾಗಿ ನಿಮ್ಮ ವಿಶ್ವವಿದ್ಯಾಲಯಕ್ಕೆ ಕಳಿಸುತ್ತಾರೋ ನಿಮ್ಮ ಕೈಗೆ ಕೊಡುತ್ತಾರೋ ಅಂತ ಕಚೇರಿಯಲ್ಲಿ ಕೇಳಿ. ಪ್ರತಿ ಕೋರ್ಸ್‌ನ ಸಿಲಬಸ್, ನೀವು ಬರೆದ ಪ್ರಬಂಧ, ಅಂಕ ಹಾಕಿದ ಅಸೈನ್‌ಮೆಂಟ್ ಎಲ್ಲವನ್ನೂ ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಟ್ಟುಕೊಳ್ಳಿ. ಅಲ್ಲಿನ ವಿದ್ಯಾರ್ಥಿ ಖಾತೆ ನೀವು ವಾಪಸ್ ಬಂದ ಕೆಲವೇ ವಾರಗಳಲ್ಲಿ ಮುಚ್ಚಿಹೋಗಬಹುದು, ನಿಮ್ಮ ವಿಭಾಗದವರು ಸಿಲಬಸ್ ಕೇಳುವುದು ಆಮೇಲೆಯೇ.