ತಂಬೋಲಾ ಬಿಟ್ಟು ಪ್ರಶ್ನೆ ಹಿಡಿದೆ: ಟೂರ್ ಬಸ್ಸಿನಲ್ಲಿ ನನ್ನ ಅನುಭವ

ತುಮಕೂರಿನಿಂದ ಬೇಲೂರು, ಶೃಂಗೇರಿ, ಆಗುಂಬೆ, ಜೋಗಕ್ಕೆ ಮೂರು ದಿನದ ಟ್ರಿಪ್ ಮಾಡಿಸುವವನು ನಾನು. 27 ಸೀಟಿನ ಮಿನಿ ಬಸ್ಸು. ಬರುವವರಲ್ಲಿ ಹೆಚ್ಚಿನವರು ಐವತ್ತು ದಾಟಿದವರು, ಒಬ್ಬರ ಪರಿಚಯ ಇನ್ನೊಬ್ಬರಿಗಿಲ್ಲ. ಇಂಥ ಬಸ್ಸಿನಲ್ಲಿ ತಂಬೋಲಾ (ನಂಬರ್ ಕೂಗಿ ಚೀಟಿಯಲ್ಲಿ ಹೊಡೆದುಕೊಳ್ಳುವ ಆಟ), ಅಂತ್ಯಾಕ್ಷರಿ ಎರಡೂ ಇಲ್ಲದೆ ಬರೀ ಚಿತ್ರವಿಚಿತ್ರ ಪ್ರಶ್ನೆಗಳಿಂದ ಜನರನ್ನು ಬೆರೆಸಬಹುದು ಎಂದಾಗ ನಮ್ಮ ಲೈನಿನವರು ಯಾರೂ ಒಪ್ಪಲಿಲ್ಲ. "ಜನ ದುಡ್ಡು ಕೊಟ್ಟು ಬರೋದು ಊರು ನೋಡೋಕೆ, ಪರೀಕ್ಷೆ ಬರೆಯೋಕಲ್ಲ" ಎಂದು ನನ್ನ ಪಾರ್ಟ್‌ನರ್ ಮುಖಕ್ಕೇ ಹೇಳಿದರು. ಎರಡು ಸೀಸನ್ ಕಳೆದಿದೆ. ಈಗ ಹೆಚ್ಚು ಕಡಿಮೆ ಅರ್ಧ ಬಸ್ಸು ಹಳೇ ಗಿರಾಕಿಗಳ ಕಡೆಯಿಂದಲೇ ತುಂಬುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ತಂಬೋಲಾ ಖರ್ಚು ಟೂರ್ ಮಾಡಿಸುವ ನಿಮಗೆಲ್ಲ ಗೊತ್ತಿರುವುದೇ. ಸ್ಟೀಲ್ ಡಬ್ಬಿ, ಟವೆಲ್ಲು, ಚಾಕೊಲೇಟು ಅಂತ ಟ್ರಿಪ್ಪಿಗೆ ಸುಮಾರು 1500 ರೂಪಾಯಿ ಕೈಬಿಟ್ಟು ಹೋಗುತ್ತದೆ. ಗೆದ್ದವರು ಡಬ್ಬಿ ಬ್ಯಾಗಿಗೆ ಹಾಕಿಕೊಂಡು ಮತ್ತೆ ಕಿಟಕಿ ಕಡೆ ತಿರುಗುತ್ತಾರೆ. ಏನೂ ಮಾಡದೆ ಬಿಟ್ಟರೆ ಅದು ಇನ್ನೂ ಕಷ್ಟ. ಯಾವೂರು, ಎಷ್ಟು ಮಕ್ಕಳು, ಮಗಳಿಗೆ ಮದುವೆ ಆಯ್ತಾ, ಮಗನಿಗೆ ಎಷ್ಟು ಸಂಬಳ ಎಂದು ಶುರುವಾಗುತ್ತದೆ. ತಿಪಟೂರು ದಾಟುವಷ್ಟರಲ್ಲಿ ಯಾರೋ ಒಬ್ಬರ ಮುಖ ಸಣ್ಣಗಾಗಿರುತ್ತದೆ. ಅವರು ಮೂರು ದಿನವೂ ಸರಿಹೋಗುವುದಿಲ್ಲ. ನನ್ನನ್ನು ಈ ಕೆಲಸಕ್ಕೆ ಹಚ್ಚಿದ್ದು ಆ ಮುಖಗಳೇ.

ಮೊದಲು ಇಂಟರ್ನೆಟ್ಟಿನಲ್ಲಿ ಸಿಕ್ಕ ಪ್ರಶ್ನೆಗಳನ್ನು ತಂದು ಕೇಳಿದೆ. ನೀವು ಪ್ರಾಣಿಯಾಗಿದ್ದರೆ ಯಾವ ಪ್ರಾಣಿ? ಯಾರೂ ಇಲ್ಲದ ದ್ವೀಪಕ್ಕೆ ಹೋದರೆ ಏನು ಒಯ್ಯುತ್ತೀರಿ? ಬಸ್ಸು ತಣ್ಣಗಾಯಿತು. "ನಾನ್ಯಾಕಪ್ಪಾ ಪ್ರಾಣಿ ಆಗ್ಲಿ" ಎಂದು ಒಬ್ಬ ಅಜ್ಜಿ ಮುಖ ತಿರುಗಿಸಿದರು. ಆಮೇಲೆ ಕಾರ್ಡು ಪ್ರಿಂಟ್ ಮಾಡಿಸಿದೆ, ಬಣ್ಣದ್ದು, ಲ್ಯಾಮಿನೇಷನ್ ಸಮೇತ. ನಾಲ್ಕು ಸಾವಿರದ ಹತ್ತಿರ ಆಯಿತು. ಚಿಕ್ಕಮಗಳೂರು ಬಿಟ್ಟು ಶೃಂಗೇರಿ ಕಡೆ ತಿರುವುಗಳು ಶುರುವಾದ ಮೇಲೆ ತಲೆ ಬಗ್ಗಿಸಿ ಕಾರ್ಡು ಓದಿದವರೆಲ್ಲ ವಾಂತಿ ಕವರು ಕೇಳಿದರು. ಕಾರ್ಡು ಅಟ್ಟ ಸೇರಿತು. ಕಾರ್ಡ್‌ಲೆಸ್ ಮೈಕಿಗೆ ಆರೋ ಏಳೋ ಸಾವಿರ ಸುರಿದೆ. ಮೈಕು ಕೈಗೆ ಬಂತೆಂದರೆ ನಮ್ಮವರು ಭಾಷಣಕ್ಕೆ ನಿಲ್ಲುತ್ತಾರೆ, ಇಲ್ಲವೇ "ನಂಗೆ ಬೇಡ" ಎಂದು ಪಕ್ಕದವರಿಗೆ ದಾಟಿಸುತ್ತಾರೆ. ಈಗ ಅದು ತಿಂಡಿಗೆ ಇಳಿದಾಗ ಜನ ಕರೆಯುವುದಕ್ಕೆ ಮಾತ್ರ.

ಕೊನೆಗೆ ಕೈ ಹಿಡಿದಿದ್ದು ಬೇಲೂರು. ಜಾಗ ನೋಡುವುದಕ್ಕೆ ಮೊದಲು ಏನನ್ನೂ ಕೇಳಬಾರದು, ನೋಡಿ ಬಸ್ಸು ಹತ್ತಿದ ಮೇಲೆ ಕೇಳಬೇಕು ಎಂದು ನಿರ್ಧರಿಸಿದ್ದೆ. ಚೆನ್ನಕೇಶವ ದೇವಾಲಯ 1117ರದ್ದು, ಹೊಯ್ಸಳರ ವಿಷ್ಣುವರ್ಧನ ಕಟ್ಟಿಸಿದ್ದು ಎಂಬುದನ್ನೆಲ್ಲ ಅಲ್ಲಿನ ಗೈಡ್ ಹೇಳಿಯಾಗಿತ್ತು. ನಾನು ಡ್ರೈವರ್ ಪಕ್ಕ ನಿಂತು, ಮೈಕಿಲ್ಲದೆ, ಅಲ್ಲಿನ ಕನ್ನಡಿ ಹಿಡಿದ ಶಿಲಾಬಾಲಿಕೆಯ ಬಗ್ಗೆ ಒಂದೇ ಕೇಳಿದೆ: "ದರ್ಪಣ ಸುಂದರಿ ಕನ್ನಡಿಯಲ್ಲಿ ಏನು ನೋಡ್ತಿದ್ದಾಳೆ?" ಸ್ವಲ್ಪ ಹೊತ್ತು ಸದ್ದಿಲ್ಲ. ಮಧ್ಯದ ಸೀಟಿನ ಒಬ್ಬ ಹೆಂಗಸು, ಬೆಳಗಿನಿಂದ ಬಾಯಿ ಬಿಡದವರು, "ಮುಖ ಅಲ್ಲ. ಹಿಂದೆ ಯಾರು ನಿಂತಿದ್ದಾರೆ ಅಂತ ನೋಡ್ತಿದ್ದಾಳೆ" ಎಂದರು. ಹಿಂದಿನ ಸೀಟಿನ ರಿಟೈರ್ಡ್ ಮೇಷ್ಟ್ರು ಬಿಡಲಿಲ್ಲ. "ಒಂಬೈನೂರು ವರ್ಷ ಆಯ್ತಲ್ಲಮ್ಮ, ಸುಕ್ಕು ಬಂತಾ ಅಂತ ನೋಡ್ತಿದ್ದಾಳೆ." ಹಾಗೆ ಹೊತ್ತಿಕೊಂಡಿದ್ದು ಹಳೇಬೀಡು ಬಂದರೂ ಆರಲಿಲ್ಲ. ಅಲ್ಲಿನ ಇನ್ನೊಂದು ಶಿಲಾಬಾಲಿಕೆ ಶುಕಭಾಷಿಣಿ ಗಿಣಿಗೆ ಹೇಳುತ್ತಿರುವುದೇನು ಎಂಬ ಮುಂದಿನ ಪ್ರಶ್ನೆಯನ್ನು ಅವರವರೇ ಹುಟ್ಟಿಸಿಕೊಂಡರು. ಅವತ್ತು ಪಾರ್ಟ್‌ನರ್ ಕೂಡ ಬಸ್ಸಿನಲ್ಲಿದ್ದರು.

ಅಲ್ಲಿಂದ ನನಗೆ ದಾರಿ ಸಿಕ್ಕಿತು. ಎಲ್ಲರೂ ಈಗಷ್ಟೇ ನೋಡಿದ ವಸ್ತು ಬೇಕು, ಸರಿ ಉತ್ತರ ಇರಲೇಬಾರದು, ಪಿಎಚ್‌ಡಿ ಮಾಡಿದವರಿಗೂ ಶಾಲೆಗೇ ಹೋಗದವರಿಗೂ ಸಮಾನ ಹಕ್ಕಿರಬೇಕು. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಬಂದವರಿಗೆ, ಮಂಡಕ್ಕಿ ತಿಂದು ಬೇಜಾರಾದರೆ ಮೀನು ಏನು ಕೇಳೀತು ಎನ್ನುತ್ತೇನೆ. ಒಬ್ಬರು ಚುರುಮುರಿ ಅಂದರೆ ಇನ್ನೊಬ್ಬರು ನಿಂಬೆಹಣ್ಣು ಹಿಂಡಬೇಕೋ ಬೇಡವೋ ಎಂದು ಜಗಳಕ್ಕೆ ಬೀಳುತ್ತಾರೆ. ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿ ಕಂಬಗಳ ಮೇಲೂ ಒಂದು ಪ್ರಶ್ನೆ ಮಾಡಿ ನೋಡಿದೆ. ಬೇಡ. ಎಲ್ಲರೂ ಜಾತಕಕ್ಕೆ ಇಳಿದು, ಮಾತು ತಿರುಗಿ ಮದುವೆಗೇ ಬರುತ್ತದೆ. ಜೋಗದ್ದು ಮಾತ್ರ ಒಮ್ಮೆಯೂ ಸೋತಿಲ್ಲ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೇ ಕವಲು, 830 ಅಡಿ ಮೇಲಿಂದ ಬೀಳುತ್ತವೆ. ಐದನೆಯದೊಂದು ಹುಟ್ಟಿದರೆ ಏನು ಹೆಸರಿಡುತ್ತೀರಿ? ಒಳ್ಳೇ ಮಳೆಗಾಲದಲ್ಲಿ, ನೀರು ಕೆಂಪಗಿದ್ದಾಗ, ಕೊರಟಗೆರೆ ಕಡೆಯ ಅಜ್ಜಿಯೊಬ್ಬರು "ರಾಗಿ" ಎಂದರು. ಬೀಸುಕಲ್ಲಿನ ಅಂಚಿಂದ ಹಿಟ್ಟು ಸುರಿದ ಹಾಗೇ ಇದೆ ಎಂದು ಕೈ ಆಡಿಸಿ ತೋರಿಸಿದರು. ಆ ಬಸ್ಸಿನವರು ಈಗಲೂ ಅವರನ್ನು ರಾಗಿ ಅಜ್ಜಿ ಎಂದೇ ವಿಚಾರಿಸುತ್ತಾರೆ.

ಹೊತ್ತು ನೋಡಿಕೊಳ್ಳಿ. ಊಟವಾದ ಮೇಲೆ ಒಂದು ಗಂಟೆ ಏನೂ ಕೇಳಬೇಡಿ. ಕಾಫಿ ಕುಡಿದು ಹತ್ತಿದಾಗ ಕೇಳಿ, ರಸ್ತೆ ನೇರವಿರಲಿ. ದಿನಕ್ಕೆ ಮೂರು ಸಾಕು, ನಾಲ್ಕನೆಯದಕ್ಕೆ ಜನ ಉಗುರು ನೋಡಿಕೊಳ್ಳುತ್ತಾರೆ. ಮೊದಲ ಉತ್ತರಕ್ಕೆ ಯಾವ ಸೀಟಿನ ಕಡೆ ನೋಡಬೇಕು ಎನ್ನುವುದಕ್ಕೆ ನನ್ನದೊಂದು ಲೆಕ್ಕವಿದೆ. ಯಾರೂ ಬಾಯಿ ಬಿಡದಿದ್ದರೆ ಕ್ಲೀನರ್ ಹುಡುಗನಿಂದ ಹೇಳಿಸುವ ಒಂದು ಮಾತೂ ಇದೆ. ಇವೆರಡು ನನ್ನ ಹತ್ತಿರವೇ ಇರಲಿ, ನನ್ನ ಹೊಟ್ಟೆಪಾಡೂ ನಡೆಯಬೇಕಲ್ಲ.

ಲಾಡ್ಜಿನಲ್ಲೂ ಒಂದು ಪ್ರಯೋಗ ಮಾಡಿದೆ. ರಾತ್ರಿ ಊಟಕ್ಕೆ ಕೂತಾಗ ಗಂಡಂದಿರು ಉಪ್ಪಿಟ್ಟಿನ ಪರ ವಕೀಲರು, ಹೆಂಡಂದಿರು ವಿರುದ್ಧ ವಕೀಲರು ಎಂದೆ. ಹತ್ತೂವರೆಯಾದರೂ ಯಾರೂ ಏಳಲಿಲ್ಲ. ಬಡಿಸುವವರು ಕಾದೂ ಕಾದೂ ಸಾಕಾಗಿ, ಮಾಲೀಕರು ಬಿಲ್ಲಿಗೆ ಮುನ್ನೂರೋ ನಾನ್ನೂರೋ ಹೆಚ್ಚಿಗೆ ಸೇರಿಸಿದರು. ಕೊಟ್ಟೆ. ಬೆಳಿಗ್ಗೆ ತಿಂಡಿಗೆ ಉಪ್ಪಿಟ್ಟೇ ಇತ್ತು, ಪಾತ್ರೆ ಖಾಲಿಯಾಯಿತು.

ಈಗ ಗೋಕರ್ಣ, ಮುರುಡೇಶ್ವರ ಲೈನಿಗೆ ಪ್ರಶ್ನೆ ಹೊಂದಿಸುತ್ತಿದ್ದೇನೆ. ಕಡಲ ಬಗ್ಗೆ ಏನು ಕೇಳಿದರೂ ಎಲ್ಲರದ್ದೂ ಒಂದೇ ಉತ್ತರ. ಇಲ್ಲಿಯವರೆಗೆ ಪಾಸಾಗಿರುವುದು ಒಂದೇ: ಮುರುಡೇಶ್ವರದ ಇಪ್ಪತ್ತು ಅಂತಸ್ತಿನ ಗೋಪುರದಲ್ಲಿ ಲಿಫ್ಟ್ ನಡೆಸುವವನು, ರಜೆ ಸಿಕ್ಕಿದ ದಿನ ಏನು ನೋಡಲು ಹೋಗುತ್ತಾನೆ?