ಕ್ಲೌಡ್ ಸರ್ವರ್ ಬಿದ್ದಾಗ ಬ್ಯಾಕಪ್‌ನಿಂದ ಎಬ್ಬಿಸುವುದು ಹೇಗೆ

ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮ್ಯಾಟೊ ಮಂಡಿ ಇದೆ ಅಂದುಕೊಳ್ಳಿ. ಯಾವ ರೈತರು ಎಷ್ಟು ಬಾಕ್ಸ್ ತಂದರು, ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು, ಯಾರಿಗೆ ಎಷ್ಟು ಬಾಕಿ ಎನ್ನುವ ಲೆಕ್ಕವೆಲ್ಲ ಕ್ಲೌಡ್‌ನ ಒಂದು ವರ್ಚುವಲ್ ಮಷೀನ್‌ನಲ್ಲಿದೆ (ವಿಎಂ, ಅಂದರೆ ಬೇರೆ ಕಂಪನಿಯ ಡೇಟಾ ಸೆಂಟರ್‌ನಲ್ಲಿ ಬಾಡಿಗೆಗೆ ಪಡೆದ ಕಂಪ್ಯೂಟರ್). ಜುಲೈ ತಿಂಗಳು, ಮಾಲು ಜೋರಾಗಿ ಬರುತ್ತಿದೆ, ಬೆಳಗ್ಗೆ ನೋಡಿದರೆ ಮಷೀನ್ ಬೂಟ್ ಆಗುತ್ತಿಲ್ಲ. ಯಜಮಾನರು ಫೋನ್ ಮಾಡುವುದು ನಿಮಗೇ. ಆಗ ಏನು ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್ ಹಿಡಿದಿದ್ದೇನೆ, ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿ ಬೇರೆ ಇರುವ ಕಡೆ ಅದನ್ನೂ ಹೇಳುತ್ತೇನೆ.

ಮೊದಲ ಮಾತು: ಹಳೆಯ ಮಷೀನನ್ನು ಡಿಲೀಟ್ ಮಾಡಬೇಡಿ, ಅದರ ಮೇಲೆಯೇ ಬ್ಯಾಕಪ್ ಸುರಿಯಲೂ ಬೇಡಿ. ರಾತ್ರಿ 12 ಗಂಟೆಯ ಬ್ಯಾಕಪ್‌ನಲ್ಲಿ ರಾತ್ರಿ 12ರ ತನಕದ ಲೆಕ್ಕ ಮಾತ್ರ ಇರುತ್ತದೆ, ಬೆಳಗಿನ ಜಾವ ಹಾಕಿದ ಎಂಟ್ರಿಗಳು ಇನ್ನೂ ಆ ಕೆಟ್ಟ ಮಷೀನಿನ ಡಿಸ್ಕ್‌ನಲ್ಲೇ ಇವೆ. ಬೂಟ್ ಆಗದಿದ್ದರೂ ಎಷ್ಟೋ ಸಲ ಡಿಸ್ಕ್ ಓದಲು ಬರುತ್ತದೆ. ಹಾಗಾಗಿ ಮಷೀನ್ ನಿಲ್ಲಿಸಿ, ಅದು ಈಗಿರುವ ಸ್ಥಿತಿಯಲ್ಲೇ ಒಂದು ಸ್ನ್ಯಾಪ್‌ಶಾಟ್, ಅಂದರೆ ಡಿಸ್ಕ್‌ನ ಆ ಕ್ಷಣದ ಪ್ರತಿ, ತೆಗೆಯಿರಿ. ಇನ್‌ಸ್ಟೆನ್ಸ್ ಸ್ಟೋರ್ ಅನ್ನುವ ತಾತ್ಕಾಲಿಕ ಡಿಸ್ಕ್ ಬಳಸುತ್ತಿದ್ದರೆ ಮಾತ್ರ ಹುಷಾರು, ಮಷೀನ್ ನಿಲ್ಲಿಸಿದರೆ ಅದರಲ್ಲಿದ್ದದ್ದು ಹೋಗುತ್ತದೆ.

ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಅನುಮಾನ ಇದ್ದರೆ ದಾರಿ ಬೇರೆ. ಮಷೀನನ್ನು ನಿಲ್ಲಿಸುವ ಮೊದಲು ಸೆಕ್ಯುರಿಟಿ ಗ್ರೂಪ್ (ಮಷೀನ್‌ಗೆ ಯಾವ ಸಂಪರ್ಕ ಬರಬಹುದು, ಹೋಗಬಹುದು ಅನ್ನುವ ರೂಲ್‌ಗಳ ಪಟ್ಟಿ) ಬದಲಾಯಿಸಿ ನೆಟ್‌ವರ್ಕ್ ಕಡಿದುಹಾಕಿ. ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರ ಏಪ್ರಿಲ್‌ನ ನಿರ್ದೇಶನ ಇದೆ, ಅದನ್ನು ಮರೆಯಬೇಡಿ. ನಿನ್ನೆಯ ಬ್ಯಾಕಪ್‌ಗೂ ಸೋಂಕು ತಗುಲಿರಬಹುದು, ಅದಕ್ಕೇ ಇನ್ನೂ ಹಿಂದಿನ ಬ್ಯಾಕಪ್‌ಗಳನ್ನೂ ನೋಡಬೇಕಾಗುತ್ತದೆ.

ಇನ್ನು ಯಾವ ಬ್ಯಾಕಪ್ ಆರಿಸುವುದು? ತೀರಾ ಇತ್ತೀಚಿನದ್ದೇ ಯಾವಾಗಲೂ ಸರಿ ಅಂತೇನಿಲ್ಲ. ಓಡುತ್ತಿರುವ ಮಷೀನಿನ ಸಾಮಾನ್ಯ ಸ್ನ್ಯಾಪ್‌ಶಾಟ್ ಅಂದರೆ ಯುಪಿಎಸ್ ಇಲ್ಲದ ಕಂಪ್ಯೂಟರ್‌ಗೆ ಬೆಸ್ಕಾಂ ಕರೆಂಟ್ ಹೋದ ಹಾಗೆ: ಆ ಕ್ಷಣಕ್ಕೆ ಡಿಸ್ಕಿಗೆ ಬರೆದದ್ದು ಉಳಿದಿರುತ್ತದೆ, ಮೆಮೊರಿಯಲ್ಲಿ ಇದ್ದದ್ದು ಇರುವುದಿಲ್ಲ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಇನ್ನೊಡಿಬಿಯಂಥ ಸ್ಟೋರೇಜ್ ಎಂಜಿನ್ (ಡೇಟಾವನ್ನು ಡಿಸ್ಕಿಗೆ ಬರೆಯುವ ಭಾಗ) ಇದನ್ನು ತಾನೇ ಸರಿಪಡಿಸಿಕೊಂಡು ಏಳುತ್ತದೆ. ಆದರೆ ಡೇಟಾ ಒಂದು ಡಿಸ್ಕ್‌ನಲ್ಲಿ, ಲಾಗ್ (ಡೇಟಾಬೇಸ್‌ನಲ್ಲಿ ಆದ ಬದಲಾವಣೆಗಳ ದಾಖಲೆ) ಇನ್ನೊಂದರಲ್ಲಿ ಇದ್ದರೆ ಎರಡೂ ಒಂದೇ ಕ್ಷಣದ ಸ್ನ್ಯಾಪ್‌ಶಾಟ್ ಆಗಿರಬೇಕು. ಹತ್ತು ನಿಮಿಷ ಹಿಂದುಮುಂದಾದ ಎರಡನ್ನು ಸೇರಿಸಿ ಎಬ್ಬಿಸಲು ಹೋಗಬೇಡಿ. ಅಜೂರ್‌ನಲ್ಲಿ ಪ್ರತಿ ರಿಸ್ಟೋರ್ ಪಾಯಿಂಟ್ (ವಾಪಸ್ ಹೋಗಬಹುದಾದ ಬ್ಯಾಕಪ್) ಪಕ್ಕದಲ್ಲೇ ಅದು ಅಪ್ಲಿಕೇಶನ್ ಕನ್ಸಿಸ್ಟೆಂಟೋ (ಮೆಮೊರಿಯಲ್ಲಿದ್ದದ್ದನ್ನೂ ಸೇರಿಸಿ ತೆಗೆದದ್ದು), ಫೈಲ್‌ಸಿಸ್ಟಮ್ ಕನ್ಸಿಸ್ಟೆಂಟೋ, ಕ್ರ್ಯಾಶ್ ಕನ್ಸಿಸ್ಟೆಂಟೋ (ಮೇಲೆ ಹೇಳಿದ ಕರೆಂಟ್ ಹೋದ ಥರದ್ದು) ಅಂತ ಬರೆದಿರುತ್ತದೆ. ಸಿಕ್ಕರೆ ಅಪ್ಲಿಕೇಶನ್ ಕನ್ಸಿಸ್ಟೆಂಟ್ ಆಗಿರುವುದನ್ನೇ ಆರಿಸಿ.

ಈಗ ಹೊಸ ಮಷೀನ್ ಎಬ್ಬಿಸುವುದು. ಎಡಬ್ಲ್ಯೂಎಸ್ ಬ್ಯಾಕಪ್‌ನಿಂದ ರಿಸ್ಟೋರ್ ಕೊಟ್ಟರೆ ಅದು ಹೊಸ ಇನ್‌ಸ್ಟೆನ್ಸನ್ನೇ (ಅಂದರೆ ಹೊಸ ವಿಎಂ) ಮಾಡುತ್ತದೆ, ಹಳೆಯದು ಇದ್ದಲ್ಲೇ ಇರುತ್ತದೆ. ಅಜೂರ್‌ನಲ್ಲಿ ಹೊಸ ವಿಎಂ ಮಾಡು, ಡಿಸ್ಕ್ ಮಾತ್ರ ಕೊಡು, ಇರುವುದನ್ನೇ ಬದಲಿಸು ಅಂತ ಆಯ್ಕೆಗಳಿವೆ, ಮೊದಲನೆಯದನ್ನು ಒತ್ತಿ. ಕೈಯಾರೆ ಮಾಡುವವರು ಒಂದು ನೆನಪಿಡಿ: ಇಬಿಎಸ್ ಡಿಸ್ಕ್ (ಎಡಬ್ಲ್ಯೂಎಸ್‌ನಲ್ಲಿ ಮಷೀನ್‌ಗೆ ಜೋಡಿಸುವ ಡಿಸ್ಕ್) ಮತ್ತು ಮಷೀನ್ ಒಂದೇ ಅವೈಲಬಿಲಿಟಿ ಝೋನ್‌ನಲ್ಲಿ (ಒಂದು ರೀಜನ್ ಅಥವಾ ಪ್ರದೇಶದೊಳಗಿನ ಡೇಟಾ ಸೆಂಟರ್ ಗುಂಪು) ಇರಬೇಕು, ಎರಡೂ ಮುಂಬೈ ರೀಜನ್‌ನಲ್ಲಿದ್ದರೆ ಸಾಲದು. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ (ಗುಪ್ತಲಿಪಿಯಲ್ಲಿದ್ದರೆ) ಅದನ್ನು ಬಿಚ್ಚುವ ಕೆಎಂಎಸ್ ಕೀ ಜೀವಂತ ಇರಬೇಕು, ಕೀ ಡಿಲೀಟ್ ಆಗಿಹೋಗಿದ್ದರೆ ಸ್ನ್ಯಾಪ್‌ಶಾಟ್ ಇದ್ದೂ ಇಲ್ಲದ ಹಾಗೆ.

ಆದರೆ ಸ್ಟಾರ್ಟ್ ಒತ್ತುವ ಮುಂಚೆ ಒಂದು ನಿಮಿಷ ನಿಲ್ಲಿ, ಜಾಸ್ತಿ ಜನ ತಪ್ಪುವುದು ಇಲ್ಲೇ. ನೀವು ಎಬ್ಬಿಸುತ್ತಿರುವ ಮಷೀನ್‌ಗೆ ತಾನು ಬ್ಯಾಕಪ್‌ನಿಂದ ಬಂದೆ ಅಂತ ಗೊತ್ತಿರುವುದಿಲ್ಲ. ಅದರ ಪ್ರಕಾರ ಇನ್ನೂ ನಿನ್ನೆ ರಾತ್ರಿ 12 ಗಂಟೆ. ಕ್ಯೂನಲ್ಲಿ ಕೂತಿದ್ದ ಎಸ್‌ಎಂಎಸ್‌ಗಳನ್ನೆಲ್ಲ ಎದ್ದ ತಕ್ಷಣ ಮತ್ತೆ ಕಳಿಸಲು ಹೊರಡುತ್ತದೆ. ರೈತರಿಗೆ ನಿಮ್ಮ ದುಡ್ಡು ಜಮಾ ಆಗಿದೆ ಅಂತ ಎರಡನೇ ಸಲ ಮೆಸೇಜ್ ಹೋದರೆ ಮಂಡಿ ಮುಂದೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ಬ್ಯಾಂಕಿಗೆ ಪೇಮೆಂಟ್ ಫೈಲ್ ಕಳಿಸುವ ಕ್ರಾನ್ ಜಾಬ್ (ನಿಗದಿತ ಹೊತ್ತಿಗೆ ತಾನಾಗಿಯೇ ಓಡುವ ಕೆಲಸ) ಏನಾದರೂ ಇದ್ದರೆ ಅದು ಇನ್ನೂ ದೊಡ್ಡ ಪೇಚು, ಕಳಿಸಿದ್ದ ದುಡ್ಡೇ ಮತ್ತೊಮ್ಮೆ ಹೋಗಬಹುದು.

ಅದಕ್ಕೆ ಹೀಗೆ ಮಾಡಿ. ರಿಸ್ಟೋರ್‌ಗೆ ಅಂತಲೇ ಒಂದು ಸೆಕ್ಯುರಿಟಿ ಗ್ರೂಪ್ ಮೊದಲೇ ಮಾಡಿಟ್ಟುಕೊಳ್ಳಿ. ಒಳಗೆ ಬರಲು ನಿಮ್ಮ ಆಫೀಸಿನ ಐಪಿ ವಿಳಾಸದಿಂದ ಎಸ್‌ಎಸ್‌ಎಚ್ ಅಥವಾ ರಿಮೋಟ್ ಡೆಸ್ಕ್‌ಟಾಪ್‌ಗೆ (ದೂರದಿಂದ ಲಾಗಿನ್ ಆಗುವ ದಾರಿಗಳು) ಮಾತ್ರ ಬಿಡಿ. ಹೊರಗೆ ಹೋಗುವ ರೂಲ್ ಎಡಬ್ಲ್ಯೂಎಸ್‌ನಲ್ಲಿ ತಾನಾಗಿಯೇ ಎಲ್ಲಕ್ಕೂ ತೆರೆದಿರುತ್ತದೆ, ಅದನ್ನು ತೆಗೆದುಹಾಕಿ. ಹಾಗೆ ಮಾಡಿದರೆ ನಾವೇ ಲಾಗಿನ್ ಆಗಲು ಬರಲ್ಲ ಅಲ್ವಾ ಅಂತ ಕೇಳಬಹುದು. ಬರುತ್ತದೆ. ನೀವು ಶುರುಮಾಡಿದ ಸಂಪರ್ಕಕ್ಕೆ ಉತ್ತರ ಹೊರಗೆ ಹೋಗಲು ಬೇರೆ ರೂಲ್ ಬೇಕಿಲ್ಲ. ಈ ಗ್ರೂಪ್ ಹಾಕಿಯೇ ಮಷೀನ್ ಎಬ್ಬಿಸಿ, ಒಳಗೆ ಹೋಗಿ ಕ್ರಾನ್ ನಿಲ್ಲಿಸಿ, ಎಸ್‌ಎಂಎಸ್ ಮತ್ತು ಮೇಲ್ ಸರ್ವಿಸ್ ನಿಲ್ಲಿಸಿ. ವಿಂಡೋಸ್ ಆದರೆ ಟಾಸ್ಕ್ ಶೆಡ್ಯೂಲರ್ ನೋಡಿ.

ಎದ್ದ ಮೇಲೆ ಮಷೀನ್ ತುಂಬಾ ನಿಧಾನ ಅನ್ನಿಸುತ್ತದೆ. ಗಾಬರಿಯಾಗಿ ರೀಸ್ಟಾರ್ಟ್ ಮಾಡುತ್ತಾ ಕೂರಬೇಡಿ. ಸ್ನ್ಯಾಪ್‌ಶಾಟ್‌ನಿಂದ ಮಾಡಿದ ಇಬಿಎಸ್ ಡಿಸ್ಕ್‌ಗೆ ಡೇಟಾ ಎಡಬ್ಲ್ಯೂಎಸ್‌ನ ಸಂಗ್ರಹವಾದ ಎಸ್3ಯಿಂದ ಹಿನ್ನೆಲೆಯಲ್ಲಿ ಬರುತ್ತಿರುತ್ತದೆ, ಪ್ರತಿ ಬ್ಲಾಕ್ ಮೊದಲ ಸಲ ಓದುವಾಗ ತಡ ಆಗುತ್ತದೆ. ಡೇಟಾಬೇಸ್ ಫೈಲ್‌ಗಳನ್ನು ಮೊದಲೇ ಒಮ್ಮೆ ಪೂರ್ತಿ ಓದಿಸಿಬಿಟ್ಟರೆ ಜನ ಬಳಸುವ ಹೊತ್ತಿಗೆ ವೇಗ ಸರಿಹೋಗುತ್ತದೆ. ಈ ತಡ ತಪ್ಪಿಸಲು ಫಾಸ್ಟ್ ಸ್ನ್ಯಾಪ್‌ಶಾಟ್ ರಿಸ್ಟೋರ್ ಅಂತ ಒಂದು ಸೌಲಭ್ಯ ಇದೆ, ಆದರೆ ಡಿಸ್ಕ್ ಮಾಡುವ ಮುಂಚೆಯೇ ಆನ್ ಮಾಡಿರಬೇಕು, ಗಂಟೆ ಲೆಕ್ಕದಲ್ಲಿ ದುಡ್ಡೂ ಬೀಳುತ್ತದೆ. ಸಣ್ಣ ಮಂಡಿಗೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಪರೀಕ್ಷೆ ಮಾಡುವಾಗ ಸುಮ್ನೆ ಲಾಗಿನ್ ಪುಟ ಬಂತು ಅಂತ ಸಮಾಧಾನಪಡಬೇಡಿ. ಲೆಕ್ಕ ಬರೆಯುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿನ್ನೆಯ ಚೀಟಿಗಳಲ್ಲಿ ಕೆಲವನ್ನು ತೆಗೆದು ರೈತರ ಹೆಸರು, ಬಾಕ್ಸ್, ದರ ಎಲ್ಲ ಹೊಂದುತ್ತದಾ ನೋಡಲು ಹೇಳಿ. ಇದು ಅವರಿಗೆ ಗೊತ್ತಾಗುವಷ್ಟು ಬೇಗ ನಿಮಗೆ ಗೊತ್ತಾಗುವುದಿಲ್ಲ.

ಆಮೇಲೆ ರಾತ್ರಿ 12ರಿಂದ ಮಷೀನ್ ಬೀಳುವ ತನಕದ ನಡುವಿನ ಲೆಕ್ಕ. ಶುರುವಿನಲ್ಲಿ ಕೆಟ್ಟ ಮಷೀನಿನಿಂದ ತೆಗೆದಿಟ್ಟ ಸ್ನ್ಯಾಪ್‌ಶಾಟ್‌ನಿಂದ ಡಿಸ್ಕ್ ಮಾಡಿ ಹೊಸ ಮಷೀನ್‌ಗೆ ಎರಡನೇ ಡಿಸ್ಕ್ ಆಗಿ ಜೋಡಿಸಿ, ಓದಲು ಮಾತ್ರ ಮೌಂಟ್ ಮಾಡಿ (ಅಂದರೆ ಫೈಲ್‌ಗಳು ಕಾಣುವ ಹಾಗೆ ತೆರೆಯಿರಿ). ಲಿನಕ್ಸ್‌ನ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್ ಆದರೆ ಎರಡು ಡಿಸ್ಕ್‌ಗೂ ಒಂದೇ ಯುಯುಐಡಿ (ಗುರುತಿನ ಸಂಖ್ಯೆ) ಇರುವುದರಿಂದ ಮೌಂಟ್ ಆಗಲ್ಲ ಅನ್ನುತ್ತದೆ, ನೋಯುಯುಐಡಿ ಆಯ್ಕೆ ಕೊಟ್ಟರೆ ಆಗುತ್ತದೆ. ಈ ಡಿಸ್ಕ್ ಜೋಡಿಸಿರುವಾಗ ರೀಬೂಟ್ ಮಾಡಬೇಡಿ, ಮಷೀನ್ ತಪ್ಪಿ ಹಳೆಯ ಡಿಸ್ಕ್‌ನಿಂದಲೇ ಎದ್ದುಬಿಡಬಹುದು. ಮೈಎಸ್‌ಕ್ಯೂಎಲ್ 8ರಲ್ಲಿ ಪ್ರತಿ ಬದಲಾವಣೆಯನ್ನೂ ಬರೆದಿಡುವ ಬೈನರಿ ಲಾಗ್ ತಾನಾಗಿಯೇ ಆನ್ ಇರುತ್ತದೆ. ಆ ಲಾಗ್ ಫೈಲ್‌ಗಳಿಂದ ರಾತ್ರಿ 12ರ ನಂತರದ್ದನ್ನು ಹೊಸ ಡೇಟಾಬೇಸ್‌ಗೆ ಓಡಿಸಿದರೆ ಬೆಳಗಿನ ಎಂಟ್ರಿಗಳು ವಾಪಸ್ ಬರುತ್ತವೆ. ಲಾಗ್ ಓದಲು ಬರದಿದ್ದರೆ ಚೀಟಿ ನೋಡಿ ಕೈಯಲ್ಲೇ ಹಾಕಿ, ಬೇರೆ ದಾರಿ ಇಲ್ಲ.

ಎಲ್ಲ ಸರಿ ಅನ್ನಿಸಿದ ಮೇಲೆ ಎಲಾಸ್ಟಿಕ್ ಐಪಿಯನ್ನು (ಮಷೀನ್ ಬದಲಾದರೂ ಅದೇ ಉಳಿಯುವ ಐಪಿ ವಿಳಾಸ) ಹೊಸ ಮಷೀನ್‌ಗೆ ತಿರುಗಿಸಿ, ಮಾಮೂಲಿ ಸೆಕ್ಯುರಿಟಿ ಗ್ರೂಪ್ ಹಾಕಿ. ಕ್ಯೂನಲ್ಲಿ ಉಳಿದ ಹಳೆಯ ಮೆಸೇಜ್‌ಗಳನ್ನು ಅಳಿಸಿ, ಆಮೇಲಷ್ಟೇ ಕ್ರಾನ್ ಮತ್ತು ಎಸ್‌ಎಂಎಸ್ ಶುರು ಮಾಡಿ.

ಇನ್ನೊಂದು ಕೆಲಸ ಬಾಕಿ ಇದೆ. ಹೊಸ ಮಷೀನ್‌ಗೆ ಹೊಸ ಐಡಿ ಬಂದಿರುತ್ತದೆ. ಬ್ಯಾಕಪ್ ಪ್ಲಾನ್‌ನಲ್ಲಿ ಹಳೆಯ ಐಡಿ ಹಾಕಿದ್ದರೆ ಇವತ್ತು ರಾತ್ರಿ ಈ ಮಷೀನಿನ ಬ್ಯಾಕಪ್ ಆಗುವುದೇ ಇಲ್ಲ. ಟ್ಯಾಗ್ (ಮಷೀನ್‌ಗೆ ಅಂಟಿಸುವ ಹೆಸರುಚೀಟಿ) ಮೇಲೆ ನಡೆಯುವ ಪ್ಲಾನ್ ಆದರೆ ಹೊಸ ಮಷೀನ್‌ಗೂ ಟ್ಯಾಗ್ ಬಂದಿದೆಯಾ ನೋಡಿ, ಅಜೂರ್‌ನಲ್ಲಿ ಹೊಸ ವಿಎಂಗೆ ಬ್ಯಾಕಪ್ ಮತ್ತೆ ಆನ್ ಮಾಡಿ. ಒಂದು ಪ್ರತಿ ಹೈದರಾಬಾದ್ ರೀಜನ್‌ಗೂ ಹೋಗುವ ಹಾಗೆ ಇಟ್ಟರೆ ಒಳ್ಳೆಯದು. ಮಂಡಿ ಕಂಪನಿಯಾಗಿ ನೋಂದಣಿಯಾಗಿದ್ದರೆ ಲೆಕ್ಕಪತ್ರದ ಬ್ಯಾಕಪ್ ದಿನವೂ ಭಾರತದ ಒಳಗಿನ ಸರ್ವರ್‌ನಲ್ಲಿ ಇರಬೇಕು ಅಂತ 2022ರಿಂದ ನಿಯಮವೇ ಇದೆ. ಮರುದಿನ ಬೆಳಗ್ಗೆ ಹೊಸ ಬ್ಯಾಕಪ್ ಆಗಿದೆಯಾ ನೋಡಿ, ಲೆಕ್ಕ ಬರೆಯುವವರು ಎಲ್ಲ ಸರಿ ಇದೆ ಅಂದ ಮೇಲೆ ಹಳೆಯ ಮಷೀನ್ ಮತ್ತು ಅದರ ಡಿಸ್ಕ್ ತೆಗೆಯಿರಿ.