ಲೈನ್ ಮನೆ ಬಿಟ್ಟು ಸ್ವಂತ ಮನೆಗೆ: ಕೊಡಗಿನಲ್ಲಿ ನಾವು ಕಟ್ಟುವ ಕ್ರಮ

ತೋಟದ ಲೈನ್ ಮನೆ, ಅಂದರೆ ಮಾಲೀಕರು ಕೆಲಸಗಾರರಿಗೆ ಕೊಡುವ ಸಾಲುಮನೆ, ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಬಿಟ್ಟರೆ ಮನೆ ಹೋಗುತ್ತದೆ, ಜೊತೆಗೆ ಮಕ್ಕಳ ಶಾಲೆ, ಪಡಿತರ ಚೀಟಿಯ ವಿಳಾಸ. ಸ್ವಂತ ಮನೆಯಿದ್ದವರು ಕೂಲಿ ಕೇಳಿ ನೋಡಿ, ಬೇಕಾದ ತೋಟಕ್ಕೆ ಹೋಗುತ್ತಾರೆ. ಮನೆ ಚಿಕ್ಕದಿರಲಿ, ದಾಖಲೆ ಗಟ್ಟಿಯಿರಲಿ ಎಂದು ನಾವು ಹೇಳುವುದು ಇದಕ್ಕೇ.

ಪೈಸಾರಿಯಲ್ಲಿ (ಸರ್ಕಾರಿ ಜಾಗದಲ್ಲಿ) ಮನೆ ಮಾಡಿಕೊಂಡವರಿಗೆ ಭೂಕಂದಾಯ ಕಾಯ್ದೆಯ 94ಸಿ ಅಡಿ ಹಕ್ಕುಪತ್ರ, ಆಮೇಲೆ ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11 ಆಗಬೇಕು. ಜಮ್ಮಾ ಜಾಗದ (ಕೊಡಗಿನ ಕುಟುಂಬಗಳ ವಂಶಪಾರಂಪರ್ಯ ಜಮೀನಿನ) ಒಂದು ಮೂಲೆಯನ್ನು ಯಾರೋ ಬಾಯಿಮಾತಿನಲ್ಲಿ ಕೊಟ್ಟರೆ ಪಾಯ ತೋಡಬೇಡಿ. ಪಹಣಿಯಲ್ಲಿ ಕುಟುಂಬದ ಹಲವರ ಹೆಸರಿರುತ್ತದೆ. ಒಬ್ಬರು ಒಪ್ಪಿದರೆ ಎಲ್ಲರೂ ಒಪ್ಪಿದಂತಲ್ಲ.

ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಸಹಾಯಧನ ಬಯಲು ಸೀಮೆಗೆ 1.20 ಲಕ್ಷ, ಗುಡ್ಡಗಾಡು ರಾಜ್ಯ ಮತ್ತು ದುರ್ಗಮ ಪ್ರದೇಶಗಳಿಗೆ 1.30 ಲಕ್ಷ. ಅದರಲ್ಲಿ ಮನೆ ಮುಗಿಯದು. ಕಂತು ಬರುವುದು ಹಂತಹಂತದ ಜಿಪಿಎಸ್ ಫೋಟೊ ಏರಿಸಿದ ಮೇಲೆ. ಫೋಟೊ ತೆಗೆದ ಜಾಗ ಬಿಟ್ಟು ಪಕ್ಕಕ್ಕೆ ಸರಿಸಿ ಕಟ್ಟಿದರೆ ಬಿಲ್ ನಿಲ್ಲುತ್ತದೆ.

ನಿಜವಾದ ಕಷ್ಟ ಕಾಲದ್ದು. ನವೆಂಬರ್‌ನಿಂದ ಮೇವರೆಗೆ ಮಾತ್ರ ಕಟ್ಟಬಹುದು. ಅದರ ನಡುವೆ ಕಾಫಿ ಕೊಯ್ಲು, ಆಗ ಆಳು ಸಿಗುವುದಿಲ್ಲ. ಆದ್ದರಿಂದ ಸಂಘದ ಸಾಲದಲ್ಲಿ ನವೆಂಬರಿಗೇ ಪಾಯ, ಕೊಯ್ಲಿನ ದುಡ್ಡಿನಲ್ಲಿ ಸಾಲ ತೀರಿಸುವುದು, ಮಾರ್ಚಿನಲ್ಲಿ ಗೋಡೆ, ಮೇ ನಡುವಿನೊಳಗೆ ಹೆಂಚು. ಛಾವಣಿಯಿಲ್ಲದ ಗೋಡೆ ಒಂದು ಮಳೆಗಾಲ ನೆನೆದರೆ ಮರುವರ್ಷ ಗಾರೆ ಹಿಡಿಯುವುದಿಲ್ಲ.

ಯೋಜನೆಯ ಕನಿಷ್ಠ ಅಳತೆ 25 ಚದರ ಮೀಟರ್. 18×15 ಅಡಿಗೆ ಸರಿಹೋಗುತ್ತದೆ. ಹೊರಗೋಡೆ 9 ಅಡಿ ಎತ್ತರವಾದರೆ, ಮೇಲಿನ ತ್ರಿಕೋನ ಗೋಡೆ ಸೇರಿಸಿ, ಬಾಗಿಲು-ಕಿಟಕಿ ಕಳೆದು, 16×8 ಇಂಚಿನ ಬ್ಲಾಕ್ ಸುಮಾರು 650ರಿಂದ 700 ಬೇಕು. ಪಾಯದ ಮೇಲೆ ನಾಲ್ಕು 10 ಎಂಎಂ ಸರಳಿನ ಕಾಂಕ್ರೀಟ್ ಬೆಲ್ಟ್ ತಪ್ಪಿಸಬೇಡಿ; ಮಣ್ಣು ತುಂಬಿದ ಕಡೆ ಒಂದು ಮೂಲೆ ಕೂತರೆ ಗೋಡೆ ಓರೆಯಾಗಿ ಬಿರುಕು ಬಿಡುತ್ತದೆ. ಹೆಂಚಿನ ಇಳಿಜಾರು 30 ಡಿಗ್ರಿ. ಚಪ್ಪಟೆ ಮಾಡಿದರೆ ಗಾಳಿಮಳೆಗೆ ನೀರು ಹೆಂಚಿನಡಿಗೆ ಹಿಮ್ಮೆಟ್ಟುತ್ತದೆ. ಎಲ್ಲ ಕಡೆ 2 ಅಡಿ ಸೂರು ಬಿಟ್ಟರೆ ಮಂಗಳೂರು ಹೆಂಚು ಸುಮಾರು 700 ತರಿಸಿಕೊಳ್ಳಿ.

ಗುಡ್ಡ ಕಡಿದು ಜಾಗ ಸಮ ಮಾಡುವಲ್ಲಿ ನಮ್ಮ ಹಠ ಒಂದೇ: ಬರೆಯ (ಕಡಿದ ಗುಡ್ಡದ ನೆಟ್ಟಗಿನ ಬದಿಯ) ಎತ್ತರವೆಷ್ಟೋ, ಹಿಂಗೋಡೆಗೂ ಬರೆಗೂ ಅಷ್ಟಾದರೂ ಅಂತರ. ಬರೆಯ ಮೇಲೆ ಇಂಗುಗುಂಡಿ ಬೇಡ, ನೀರು ಪಕ್ಕಕ್ಕೆ ಹರಿಯುವ ಚರಂಡಿ ಬೇಕು. 2018ರ ಆಗಸ್ಟ್‌ನ ಗುಡ್ಡ ಕುಸಿತ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ, ಆದರೂ ಜಾಗ ಉಳಿಸುವ ಆಸೆಗೆ ಬರೆಗೆ ಒತ್ತಿ ಕಟ್ಟುವವರು ಇದ್ದಾರೆ.

ಮಳೆ ಹೊಡೆಯುವುದು ಪಶ್ಚಿಮದಿಂದ. ಆ ಕಡೆಗೆ ಸೂರಿರುವ ಉದ್ದಗೋಡೆ ಬರಲಿ, ತ್ರಿಕೋನ ಗೋಡೆಗಳು ಉತ್ತರ-ದಕ್ಷಿಣಕ್ಕಿರಲಿ. ಉತ್ತರದ ಎರಡೂ ಮೂಲೆಯಲ್ಲಿ ಹೊಸ ಗೋಡೆ ಕೂಡಿಸಲು ಬ್ಲಾಕಿನ ಹಲ್ಲು ಬಿಟ್ಟಿರುತ್ತೇವೆ. ಮುಂದೆ ಕೋಣೆ ಬೇಕಾದಾಗ ಅದೇ ಛಾವಣಿಯನ್ನು ನೇರಕ್ಕೆ ಮುಂದುವರಿಸಿದರಾಯಿತು.